ಪಿಸ್ತೂಲಿನ ಮೇಲಿನ ಶಾಸನ

ಕಲ್ಲಿನ ಮೇಲೆ, ತಾಮ್ರದ ತಗಡಿನ ಮೇಲೆ ಕೊರೆದ ಶಾಸನಗಳನ್ನು ಓದಿ ಅರ್ಥ ಹೇಳುವುದು ಕನ್ನಡ ಪಂಡಿತರ ಹಳೆಯ ಕೆಲಸ. ಉಕ್ಕಿನ ಮೇಲೆ ಕೊರೆದ ಒಂದು ಬರಹವನ್ನು ಅದೇ ಕ್ರಮದಲ್ಲಿ ಓದಿ ನೋಡೋಣವೆಂದು ಈ ಹೊತ್ತು ನಿಮ್ಮ ಮುಂದೆ ಬಂದಿದ್ದೇನೆ. ಬರಹ ದೊಡ್ಡದಲ್ಲ, ಎರಡೇ ಸಾಲು. ಅದು ಇರುವುದು ಒಂದು ಗೇಣಿಗಿಂತ ಚಿಕ್ಕದಾದ ಆಯುಧದ ಎಡಮಗ್ಗುಲಲ್ಲಿ. ಇಟಲಿಯ ಸೈನ್ಯದ ಅಧಿಕಾರಿಗಳು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಬೆರೆಟ್ಟಾ ಪಿಸ್ತೂಲು ಅದು. ಆ ಸಾಲುಗಳನ್ನು ಕನ್ನಡಕ್ಕೆ ತಿರುಗಿಸಿದರೆ ಹೀಗಾಗುತ್ತದೆ: ‘ಪಿ. ಬೆರೆಟ್ಟಾ, ವ್ಯಾಸ ೯ ಗಿಡ್ಡ, ಮಾದರಿ ೧೯೩೪, ಪೇಟೆಂಟು ಪಡೆದದ್ದು. ಗಾರ್ದೋನೆ, ವಾಲ್ ತ್ರೋಂಪಿಯಾ, ೧೯೩೭, ಹದಿನೈದು.’

ಕನ್ನಡದ ಮೇಷ್ಟರಿಗೆ ಪಿಸ್ತೂಲಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಶಾಲೆಯ ಹುಡುಗರು ಈ ಹೆಸರನ್ನು ಸಿನೆಮಾದಿಂದ ಬಲ್ಲರು. ಅಲ್ಲಿಗೆ ಅವರ ಕುತೂಹಲ ಮುಗಿಯುತ್ತದೆ. ಆದರೆ ಈ ಮಾದರಿಯ ಒಂದು ಪಿಸ್ತೂಲು ೧೯೪೮ರ ಜನವರಿ ೩೦ರ ಸಂಜೆ ದೆಹಲಿಯಲ್ಲಿ ಮೂರು ಸಲ ಸಿಡಿಯಿತು. ಅಂದು ಮಡಿದವರು ಯಾರೆಂದು ನಾನು ಹೇಳಬೇಕಾಗಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಬರಹವನ್ನು ಓದೋಣ.

ಓದುವುದಕ್ಕೆ ಮುನ್ನ ಒಂದು ಗೊಂದಲವನ್ನು ಕಳೆದುಕೊಳ್ಳಬೇಕು. ನಮ್ಮಲ್ಲಿ ರಿವಾಲ್ವರು, ಪಿಸ್ತೂಲು ಎರಡನ್ನೂ ಒಂದೇ ಎಂಬಂತೆ ಆಡುವ ರೂಢಿಯಿದೆ. ‘ರಿವಾಲ್ವ್’ ಎಂದರೆ ತಿರುಗು. ತೋಟಾ ತುಂಬಿದ ಉರುಳೆಯೊಂದು ಪ್ರತಿಸಲವೂ ತಿರುಗಿ ಹೊಸ ತೋಟಾವನ್ನು ನಳಿಗೆಯ ಎದುರಿಗೆ ತರುವುದರಿಂದ ರಿವಾಲ್ವರಿಗೆ ಆ ಹೆಸರು. ಬೆರೆಟ್ಟಾ ಅಂಥದಲ್ಲ. ಇದರ ಹಿಡಿಯೊಳಗೆ ಒಂದು ಚಪ್ಪಟೆ ಡಬ್ಬಿ. ಅದರಲ್ಲಿ ಏಳು ತೋಟಾಗಳು ಒಂದರ ಮೇಲೊಂದು ಕೂತಿರುತ್ತವೆ. ಕೆಳಗಿನಿಂದ ಸ್ಪ್ರಿಂಗು ಅವನ್ನು ಮೇಲಕ್ಕೆ ನೂಕುತ್ತಿರುತ್ತದೆ. ಈ ಡಬ್ಬಿಗೆ ಮ್ಯಾಗಜೀನು ಎಂದು ಹೆಸರು. ಅರಬ್ಬಿಯಲ್ಲಿ ‘ಮಖ್‌ಜನ್’ ಎಂದರೆ ಉಗ್ರಾಣ. ಆ ಮಾತು ಯೂರೋಪಿಗೆ ಹೋಗಿ ಮದ್ದುಗುಂಡಿನ ಉಗ್ರಾಣಕ್ಕೂ ಸಂದಿತು, ಕಥೆ ಲೇಖನಗಳ ಉಗ್ರಾಣವಾದ ಪತ್ರಿಕೆಗೂ ಸಂದಿತು. ನಿಮ್ಮ ಕೈಯಲ್ಲಿರುವ ಈ ಸಂಚಿಕೆಯೂ ಒಂದು ಮ್ಯಾಗಜೀನೇ. ಒಳಗೆ ತುಂಬಿರುವ ಸರಕು ಬೇರೆ, ಅಷ್ಟೆ.

ಈಗ ಮೊದಲ ಪದ. ‘ಪಿ’ ಎಂದರೆ ಪಿಯೆತ್ರೊ. ೧೮೭೦ರಲ್ಲಿ ಹುಟ್ಟಿ ೧೯೫೭ರಲ್ಲಿ ತೀರಿಕೊಂಡ ಈ ಪಿಯೆತ್ರೊ ಬೆರೆಟ್ಟಾ ಮನೆತನದ ಕಾರ್ಖಾನೆಯನ್ನು ದೊಡ್ಡ ಉದ್ಯಮವಾಗಿ ಬೆಳೆಸಿದ ಯಜಮಾನ. ಹಿಡಿಯ ಎರಡು ಮಗ್ಗುಲಿನ ಹಲಗೆಗಳ ಮೇಲೂ ಪಿ ಬಿ ಎಂಬ ಎರಡಕ್ಷರ ಅಚ್ಚಾಗಿದೆ. ಶಾಸನದ ಕೊನೆಯಲ್ಲಿ ಕಂಡರಿಸಿದ ರೂವಾರಿಯ ಹೆಸರು ಬರುತ್ತದಲ್ಲ, ಹಾಗೆ. ಮನೆತನ ಬಹಳ ಹಳೆಯದು. ಉತ್ತರ ಇಟಲಿಯ ಬ್ರೆಶ್ಯಾ ಪ್ರಾಂತದ ತ್ರೋಂಪಿಯಾ ಕಣಿವೆಯಲ್ಲಿ ಕಬ್ಬಿಣದ ಅದಿರು ಉಂಟು, ಕುಲುಮೆಗೆ ಸೌದೆ ಉಂಟು, ಸುತ್ತಿಗೆಯ ಯಂತ್ರ ತಿರುಗಿಸಲು ಮೆಲ್ಲಾ ಹೊಳೆಯ ನೀರುಂಟು. ಅಲ್ಲಿಯ ಗಾರ್ದೋನೆ ಎಂಬ ಊರಿನ ಬಾರ್ತೊಲೊಮೆಯೊ ಬೆರೆಟ್ಟಾ ಎಂಬಾತನಿಗೆ ವೆನಿಸ್ ಗಣರಾಜ್ಯದ ಆಯುಧಾಗಾರ ೧೫೨೬ರಲ್ಲಿ ೧೮೫ ಕೋವಿಯ ನಳಿಗೆಗಳಿಗಾಗಿ ೨೯೬ ಡುಕಾಟ್ ನಾಣ್ಯಗಳನ್ನು ಕೊಟ್ಟ ಲೆಕ್ಕ ಉಳಿದಿದೆ. ಅದು ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದ ಕಾಲ. ಅದೇ ಮನೆತನ, ಅದೇ ಊರು, ಅದೇ ಕಸುಬು ಇಂದಿಗೂ ನಡೆದು ಬಂದಿದೆ.

‘ಮಾದರಿ ೧೯೩೪’ ಎಂಬುದಕ್ಕೆ ಒಂದು ವಂಶಾವಳಿಯೇ ಇದೆ. ೧೯೧೫ರ ಮೇ ತಿಂಗಳಲ್ಲಿ ಇಟಲಿ ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಸೈನ್ಯ ದಿನದಿನಕ್ಕೆ ಹಿಗ್ಗುತ್ತಿತ್ತು, ಪಿಸ್ತೂಲುಗಳು ಸಾಲದಾದುವು. ಆಗ ಬಳಕೆಯಲ್ಲಿದ್ದ ಗ್ಲಿಸೆಂಟಿ ಎಂಬ ಪಿಸ್ತೂಲು ತೊಡಕಿನ ಯಂತ್ರ. ಬೇಗ ಮಾಡಲೂ ಬಾರದು, ಗಟ್ಟಿಮುಟ್ಟೂ ಅಲ್ಲ. ಬೆರೆಟ್ಟಾ ಕಾರ್ಖಾನೆಯ ತುಲ್ಲಿಯೊ ಮರೆಂಗೋನಿ ಎಂಬ ಕುಶಲಿ ಆ ಕೊರತೆ ತುಂಬಲು ಹಗುರವಾದ, ಬಿಡಿಭಾಗ ಕಡಮೆಯಿರುವ ಪಿಸ್ತೂಲೊಂದನ್ನು ರಚಿಸಿದ. ಅದೇ ೧೯೧೫ರ ಮಾದರಿ, ಈ ವಂಶದ ಮೂಲಪುರುಷ.

ಅದರ ಕೆಲಸದ ಬಗೆ ತಿಳಿದರೆ ಮುಂದಿನ ಮಾದರಿಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ತೋಟಾ ಸಿಡಿದಾಗ ಹುಟ್ಟುವ ಹೊಗೆಯ ಒತ್ತಡ ಗುಂಡನ್ನು ಮುಂದಕ್ಕೆ ಒದೆಯುತ್ತದೆ, ಖಾಲಿ ಚಿಪ್ಪನ್ನು ಹಿಂದಕ್ಕೆ ಒದೆಯುತ್ತದೆ. ನಳಿಗೆ ಅಲುಗದೆ ನಿಂತಿರುತ್ತದೆ. ಅದರ ಮೇಲೆ ಹೊದಿಸಿದ ಉಕ್ಕಿನ ಕವಚಕ್ಕೆ ಸ್ಲೈಡು ಎಂದು ಹೆಸರು. ಅದು ಆ ಒದೆತಕ್ಕೆ ಹಿಂದೆ ಸರಿದು ಚಿಪ್ಪನ್ನು ಹೊರಕ್ಕೆ ಎಸೆಯುತ್ತದೆ, ತೋಟಾದ ಬೆನ್ನಿಗೆ ಬಡಿಯುವ ಸುತ್ತಿಗೆಯನ್ನು, ಕೋವಿಯ ಮಾತಿನಲ್ಲಿ ‘ಕುದುರೆ’ಯನ್ನು, ಹಿಂದಕ್ಕೆ ಬಾಗಿಸಿಡುತ್ತದೆ, ಸ್ಪ್ರಿಂಗಿನ ಬಲದಿಂದ ಮರಳಿ ಬರುವಾಗ ಹೊಸ ತೋಟಾವನ್ನು ನಳಿಗೆಗೆ ಸೇರಿಸುತ್ತದೆ. ಇದೆಲ್ಲ ನಾವು ಕಣ್ಣು ಮಿಟುಕಿಸುವಷ್ಟರಲ್ಲಿ. ಇಲ್ಲಿ ಗಮನಿಸಬೇಕಾದ ವಿಷಯವೆಂದರೆ ನಳಿಗೆಗೂ ಸ್ಲೈಡಿಗೂ ನಡುವೆ ಅಗುಳಿಯಿಲ್ಲ. ಅಗುಳಿ ಹಾಕದ ಬಾಗಿಲಿಗೆ ಒಬ್ಬನು ಬೆನ್ನು ಕೊಟ್ಟು ನಿಂತ ಹಾಗೆ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿ ಇವೆರಡೇ ಕಾವಲು. ನೂಕು ಹದವಾಗಿದ್ದರೆ ಸರಿ. ಮಿತಿಮೀರಿದರೆ ಬಾಗಿಲೂ ಉಳಿಯದು, ಬೆನ್ನು ಕೊಟ್ಟವನೂ ಉಳಿಯನು. ಆದ್ದರಿಂದ ಈ ಬಗೆಯ ಪಿಸ್ತೂಲಿಗೆ ಸೌಮ್ಯವಾದ ತೋಟಾ ಮಾತ್ರ ಒಗ್ಗುತ್ತದೆ.

೧೯೧೫ರ ಮಾದರಿಗೆ ಇದೇ ಸಂಕಟವಾಯಿತು. ಇಟಲಿಯ ಗ್ಲಿಸೆಂಟಿ ತೋಟಾ ಆಕಾರದಲ್ಲಿ ಜರ್ಮನರ ಪ್ಯಾರಾಬೆಲಮ್ ತೋಟಾದಂತೆಯೇ ಇತ್ತು. ಒಳಗಿನ ಮದ್ದಿನ ಬಲ ಮಾತ್ರ ಕಡಮೆ. ಕಣ್ತಪ್ಪಿ ಜರ್ಮನ್ ತೋಟಾ ಹಾಕಿದರೆ ಒಳಕ್ಕೆ ಹೋಗುತ್ತಿತ್ತು, ಆಮೇಲೆ ಅಪಾಯ. ಯುದ್ಧದ ನಡುವೆಯೇ ೭.೬೫ ಮಿಲಿಮೀಟರಿನ ಸಣ್ಣ ತೋಟಾಕ್ಕೆ ಹೊಂದುವ ಇನ್ನೊಂದು ರೂಪ ಬಂದಿತು. ೧೯೧೯ರ ತಿದ್ದುಪಾಟಿನಲ್ಲಿ ಸ್ಲೈಡಿನ ಮೇಲ್ಭಾಗದ ತೆರಪುಗಳೆಲ್ಲ ಒಂದಾಗಿ, ನಳಿಗೆಯ ಬೆನ್ನು ಉದ್ದಕ್ಕೂ ಬಯಲಾಯಿತು. ಚಿಪ್ಪು ಹೊರಬರಲು ಅಡ್ಡಿಯಿಲ್ಲದಾಯಿತು, ತೂಕವೂ ಇಳಿಯಿತು. ಬೆರೆಟ್ಟಾ ಮನೆಯ ಪಿಸ್ತೂಲನ್ನು ದೂರದಿಂದಲೇ ಗುರುತಿಸುವ ಲಕ್ಷಣ ಇದು. ೧೯೨೩ರ ಮಾದರಿಯಲ್ಲಿ ಅದುವರೆಗೆ ಒಳಗೆ ಅವಿತಿದ್ದ ಕುದುರೆ ಹೊರಕ್ಕೆ ಬಂದಿತು. ಇದು ಒಳ್ಳೆಯ ಬದಲಾವಣೆ. ಕುದುರೆ ಎದ್ದಿದೆಯೋ ಮಲಗಿದೆಯೋ ಎಂಬುದನ್ನು ಕಣ್ಣಿಂದ ನೋಡಬಹುದು, ಕತ್ತಲಲ್ಲಿ ಹೆಬ್ಬೆರಳಿನಿಂದ ಮುಟ್ಟಿ ತಿಳಿಯಬಹುದು. ೧೯೩೧ರದು ನೌಕಾಪಡೆಯ ಕೈಗೆ ಹೋಯಿತು. ಅಷ್ಟರಲ್ಲಿ ಜರ್ಮನಿಯ ವಾಲ್ಥರ್ ಕಂಪನಿಯ ಪಿಪಿ ಎಂಬ ಹೊಸ ಪಿಸ್ತೂಲಿನ ಮೇಲೆ ಇಟಲಿಯ ಅಧಿಕಾರಿಗಳ ಕಣ್ಣು ಬಿದ್ದಿತ್ತು. ಮನೆಯ ಗಿರಾಕಿ ಪರರ ಅಂಗಡಿಗೆ ಹೋಗುವನೆಂದಾಗ ವ್ಯಾಪಾರಿ ಎಚ್ಚರಗೊಳ್ಳುವುದು ಸಹಜ. ಹಾಗೆ ಎಚ್ಚರಗೊಂಡು ಮಾಡಿದ್ದು ೧೯೩೪ರ ಮಾದರಿ.

‘ವ್ಯಾಸ ೯ ಗಿಡ್ಡ’ ಎಂಬ ಮಾತಿಗೆ ಈಗ ಅರ್ಥ ಸಿಕ್ಕಿತು. ಗುಂಡಿನ ಅಡ್ಡಳತೆ ೯ ಮಿಲಿಮೀಟರು. ಚಿಪ್ಪು ಮಾತ್ರ ಗಿಡ್ಡ, ೧೭ ಮಿಲಿಮೀಟರು. ಅಮೆರಿಕದ ಜಾನ್ ಬ್ರೌನಿಂಗ್ ೧೯೦೮ರಲ್ಲಿ ರೂಪಿಸಿದ ತೋಟಾ ಇದು. ಜರ್ಮನರ ಉದ್ದ ತೋಟಾ ಇದರೊಳಗೆ ಹೋಗುವುದೇ ಇಲ್ಲವಾದ್ದರಿಂದ ಹಿಂದಿನ ಗೊಂದಲ ತಪ್ಪಿತು. ಈ ‘ಗಿಡ್ಡ’ ಎಂಬುದು ಇಟಲಿಯ ಮಾತಿನಲ್ಲಿ ‘ಕೋರ್ತೊ’. ಮುಂದೆ ರುಮೇನಿಯಾ ದೇಶ ಇವೇ ಪಿಸ್ತೂಲುಗಳನ್ನು ಕೊಂಡುಕೊಂಡಾಗ ಅವರಿಗಾಗಿ ‘೯ ಸ್ಕುರ್ತ್’ ಎಂದು ಕೊರೆದರು. ಜರ್ಮನರು ಇದೇ ತೋಟಾವನ್ನು ‘ಕುರ್ಟ್ಸ್’ ಎನ್ನುತ್ತಾರೆ. ಮೂರಕ್ಕೂ ತಾಯಿ ಲ್ಯಾಟಿನ್ನಿನ ‘ಕುರ್ತುಸ್’. ಭಾಷಾಶಾಸ್ತ್ರದ ಪಾಠಕ್ಕೆ ಇಷ್ಟು ಚೊಕ್ಕವಾದ ಉದಾಹರಣೆ ಮದ್ದುಗುಂಡಿನ ಪೆಟ್ಟಿಗೆಯಲ್ಲಿ ಸಿಕ್ಕೀತೆಂದು ಯಾರು ಎಣಿಸಿದ್ದರು!

ಹಾಗೆಂದು ಇದು ದೋಷವಿಲ್ಲದ ಆಯುಧವೇನೂ ಅಲ್ಲ. ಕೊನೆಯ ಗುಂಡು ಹಾರಿದ ಮೇಲೆ ಸ್ಲೈಡು ಹಿಂದೆಯೇ ನಿಲ್ಲುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಖಾಲಿ ಡಬ್ಬಿಯೇ. ಡಬ್ಬಿಯನ್ನು ಹೊರಕ್ಕೆ ಎಳೆದೊಡನೆ ಸ್ಲೈಡು ಟಪ್ಪೆಂದು ಮುಂದಕ್ಕೆ ಬಡಿದುಕೊಳ್ಳುತ್ತದೆ. ಹೊಸ ಡಬ್ಬಿ ತುರುಕಿದವನು ಅದನ್ನು ಮತ್ತೊಮ್ಮೆ ಕೈಯಿಂದ ಎಳೆಯಬೇಕು. ಶತ್ರು ಎದುರಿಗಿರುವಾಗ ಇದು ಹಿತವಾದ ವ್ಯವಸ್ಥೆಯಲ್ಲ. ಅಚಾತುರ್ಯವಾಗದಂತೆ ತಡೆಯುವ ಸೇಫ್ಟಿ ಕೀಲನ್ನು ಅರ್ಧ ವೃತ್ತದಷ್ಟು ತಿರುಗಿಸಬೇಕು. ತಿರುಗಿಸಿದರೂ ಅದು ಬೆರಳು ಎಳೆಯುವ ಟ್ರಿಗರನ್ನು ಕಟ್ಟಿಹಾಕುತ್ತದೆಯೇ ಹೊರತು ಕುದುರೆಯನ್ನಲ್ಲ. ಗುಣಗಳೂ ಉಂಟು. ತೂಕ ಸುಮಾರು ೬೬೦ ಗ್ರಾಂ, ಉದ್ದ ಸುಮಾರು ೧೫ ಸೆಂಟಿಮೀಟರು. ಬಿಡಿಭಾಗ ಕಡಮೆ, ಬಿಚ್ಚಿ ಒರಸಿ ಜೋಡಿಸುವುದು ಸುಲಭ. ಮರಳು ಧೂಳುಗಳಲ್ಲಿಯೂ ಕೆಟ್ಟು ನಿಲ್ಲುವುದು ವಿರಳ. ಇಷ್ಟು ಪುಟ್ಟದಾದ್ದರಿಂದ ಜೇಬಿನಲ್ಲಿ ಅಡಗುತ್ತದೆ. ಇದು ಗುಣವೋ ದೋಷವೋ ಎಂಬುದು ಜೇಬು ಯಾರದೆಂಬುದರ ಮೇಲೆ ನಿಂತ ಮಾತು.

ಇನ್ನು ಎರಡನೆಯ ಸಾಲಿನ ಕೊನೆ. ‘೧೯೩೭’ ಸರಿ. ಅದರ ಪಕ್ಕದಲ್ಲಿ ರೋಮನ್ ಅಂಕೆಯಲ್ಲಿ ಹದಿನೈದು ಏಕೆ? ತಿಂಗಳೂ ಅಲ್ಲ, ತಾರೀಕೂ ಅಲ್ಲ. ಅದು ಒಂದು ಶಕೆ. ೧೯೨೨ರ ಅಕ್ಟೋಬರ್ ಕೊನೆಯಲ್ಲಿ ಮುಸೊಲಿನಿಯ ಕರಿಯಂಗಿಯವರು ರೋಮಿನ ಕಡೆ ನಡೆದು ಅಧಿಕಾರ ಹಿಡಿದರು. ಅಂದಿನಿಂದ ಕಾಲಗಣನೆ ಹೊಸದಾಗಿ ಮೊದಲಾಯಿತೆಂದು ಅವರು ಸಾರಿದರು. ಸರಕಾರದ ಕಾಗದಪತ್ರಗಳಲ್ಲಿ ಕ್ರಿಸ್ತವರ್ಷದ ಜೊತೆಗೆ ಫ್ಯಾಸಿಸ್ಟ್ ವರ್ಷವನ್ನೂ ಬರೆಯತಕ್ಕದ್ದೆಂದು ೧೯೨೭ರಲ್ಲಿ ಕಟ್ಟಳೆಯಾಯಿತು. ಅವರ ಯುಗಾದಿ ಅಕ್ಟೋಬರ್ ೨೯. ಆದ್ದರಿಂದ ೧೯೩೭ರ ಬೇಸಗೆಯಲ್ಲಿ ಮಾಡಿದ ಪಿಸ್ತೂಲಿನ ಮೇಲೆ ಹದಿನೈದು, ಅದೇ ವರ್ಷದ ನವೆಂಬರಿನಲ್ಲಿ ಮಾಡಿದ್ದರ ಮೇಲೆ ಹದಿನಾರು.

ಶಾಸನ ಓದುವ ಕನ್ನಡಿಗನಿಗೆ ಇದು ಹೊಸದಲ್ಲ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ಶಕವರ್ಷ ೯೯೮ರಲ್ಲಿ, ಎಂದರೆ ಕ್ರಿ.ಶ. ೧೦೭೬ರಲ್ಲಿ, ಪಟ್ಟಕ್ಕೆ ಬಂದು ಹಳೆಯ ಶಕೆಯನ್ನು ಬದಿಗೊತ್ತಿ ‘ಚಾಳುಕ್ಯ ವಿಕ್ರಮ ವರ್ಷ’ವನ್ನು ನೆಲೆಗೊಳಿಸಿದನು. ಅವನು ಐವತ್ತು ವರ್ಷ ಆಳಿದನು. ನಮ್ಮ ನಾಡಿನ ನೂರಾರು ಕಲ್ಲುಗಳ ಮೇಲೆ ಆ ಲೆಕ್ಕ ಇಂದಿಗೂ ನಿಂತಿದೆ. ಆದರೆ ಆ ಕಲ್ಲುಗಳಲ್ಲಿ ಬಹುಪಾಲು ದೇವಾಲಯಕ್ಕೆ, ಕೆರೆಗೆ, ಬ್ರಾಹ್ಮಣರಿಗೆ, ಬಸದಿಗೆ ಕೊಟ್ಟ ದತ್ತಿಯ ಪತ್ರಗಳು. ಇಟಲಿಯಲ್ಲಿಯೂ ಕಟ್ಟಡಗಳ ಹಣೆಯ ಮೇಲೆ, ಸೇತುವೆಗಳ ಮೇಲೆ ಆ ರೋಮನ್ ಅಂಕೆಗಳನ್ನು ಕೊರೆದರು. ಪಿಸ್ತೂಲಿನ ಮೇಲೆಯೂ ಕೊರೆದರೆಂಬುದು ಆ ಶಕೆಯ ಸ್ವಭಾವವನ್ನು ನನಗೆ ಹೆಚ್ಚು ಚೆನ್ನಾಗಿ ತಿಳಿಸುತ್ತದೆ. ಹದಿಮೂರನೆಯ ವರ್ಷದ ಕೊನೆಯಲ್ಲಿ, ೧೯೩೫ರ ಅಕ್ಟೋಬರಿನಲ್ಲಿ, ಆ ಸರಕಾರ ಅಬಿಸೀನಿಯಾದ ಮೇಲೆ ನುಗ್ಗಿತು. ಹದಿನಾಲ್ಕನೆಯ ವರ್ಷದಲ್ಲಿ ಆ ದೇಶದ ರಾಜಧಾನಿಯನ್ನು ಹಿಡಿಯಿತು.

ಅದೇ ಪಿಸ್ತೂಲಿನ ಮೇಲೆ ಇನ್ನೊಂದು ಚಿಕ್ಕ ಮುದ್ರೆಯುಂಟು: ಒಂದು ಕಿರೀಟ, ಅದರ ಕೆಳಗೆ ಆರ್ ಇ ಎಂಬ ಅಕ್ಷರಗಳು. ‘ರೆಜಿಯೊ ಎಸೆರ್ಚಿತೊ’, ರಾಜನ ಸೈನ್ಯ. ಈ ‘ರೆಜಿಯೊ’ ನಮ್ಮ ‘ರಾಜ’ ಶಬ್ದದ ದೂರದ ದಾಯಾದಿ. ನೌಕಾಪಡೆಯದಾದರೆ ಆರ್ ಎಂ, ವಿಮಾನಪಡೆಯದಾದರೆ ಆರ್ ಎ, ಪೋಲೀಸರದಾದರೆ ಪಿ ಎಸ್. ನೌಕಾಪಡೆ, ವಿಮಾನಪಡೆಗಳಿಗೆ ೭.೬೫ ಮಿಲಿಮೀಟರಿನ ಅವಳಿ ರೂಪವೊಂದು ಹೆಚ್ಚಾಗಿ ಹೋಯಿತು. ಅದಕ್ಕೆ ೧೯೩೫ರ ಮಾದರಿ ಎಂದು ಹೆಸರು. ನೋಡಲು ಅಣ್ಣತಮ್ಮಂದಿರಂತೆಯೇ ಇವೆ. ಒಟ್ಟಿನಲ್ಲಿ ಒಂದೇ ಆಯುಧದ ಮೇಲೆ ಕಿರೀಟ ರಾಜನದು, ಶಕೆ ಮಂತ್ರಿಯದು. ಇಬ್ಬರು ಯಜಮಾನರ ಮನೆ. ೧೯೪೩ರ ಜುಲೈ ೨೫ರಂದು ರಾಜನು ಮಂತ್ರಿಯನ್ನು ಹಿಡಿಸಿಹಾಕಿದನು. ಸೆಪ್ಟೆಂಬರಿನಲ್ಲಿ ಇಟಲಿ ಶರಣಾಗತವಾಯಿತು. ಉತ್ತರ ಇಟಲಿಯನ್ನು ಜರ್ಮನರು ಆಕ್ರಮಿಸಿದರು. ಗಾರ್ದೋನೆಯ ಕಾರ್ಖಾನೆ ನಿಲ್ಲಲಿಲ್ಲ. ಈಗ ಅದು ಜರ್ಮನರಿಗಾಗಿ ದುಡಿಯಿತು, ಪಿಸ್ತೂಲುಗಳ ಮೇಲೆ ‘೪ ಯು ಟಿ’ ಎಂಬ ಜರ್ಮನರ ಒಪ್ಪಿಗೆಯ ಮುದ್ರೆ ಬಿತ್ತು. ಯುದ್ಧಕ್ಕೆ ಮುಂಚಿನ ಪಿಸ್ತೂಲುಗಳಿಗೆ ಕನ್ನಡಿಯಂಥ ನೀಲಿಗಪ್ಪು ಹೊಳಪಿತ್ತು. ಕೊನೆಯ ವರ್ಷಗಳವು ಒರಟು ಬೂದುಬಣ್ಣದವು. ಅವಸರದಲ್ಲಿ ಮಾಡಿದವನ ಕೈಗುರುತು ಅವುಗಳ ಮೈಮೇಲೆ ಕಾಣುತ್ತದೆ. ೧೯೪೫ರ ಏಪ್ರಿಲಿನಲ್ಲಿ ಮುಸೊಲಿನಿ ಸತ್ತನು, ಶಕೆ ಇಪ್ಪತ್ತಮೂರಕ್ಕೆ ನಿಂತಿತು. ೧೯೪೬ರ ಜೂನಿನಲ್ಲಿ ಜನರ ಮತದಿಂದ ಕಿರೀಟವೂ ಹೋಯಿತು.

ಪಿಸ್ತೂಲು ಮಾತ್ರ ಹೋಗಲಿಲ್ಲ. ಯುದ್ಧ ಮುಗಿದ ಮೇಲೂ ದಶಕಗಳ ಕಾಲ ಅದನ್ನು ಮಾಡಿ ಪೋಲೀಸರಿಗೂ ಹೊರದೇಶಗಳಿಗೂ ಮಾರಿದರು. ಒಟ್ಟು ಹತ್ತು ಲಕ್ಷದಷ್ಟು ಆಗಿವೆ ಎನ್ನುತ್ತಾರೆ. ಸೈನ್ಯಕ್ಕೆ ಹೆಚ್ಚು ಬಲದ ತೋಟಾ ಬೇಕಾದಾಗ ಅಗುಳಿಯಿಲ್ಲದ ಬಾಗಿಲು ಸಾಲದೆ, ೧೯೫೧ರ ಮಾದರಿಯಲ್ಲಿ ನಿಜವಾದ ಅಗುಳಿಯನ್ನೇ ಇಟ್ಟರು. ಈಜಿಪ್ಟ್, ಇರಾಕ್ ದೇಶಗಳು ಅದನ್ನು ತಮ್ಮಲ್ಲಿಯೇ ತಯಾರಿಸಿದುವು. ಅದರ ಮುಂದಿನ ಪೀಳಿಗೆ ೧೯೭೫ರಲ್ಲಿ ಬಂದ ಬೆರೆಟ್ಟಾ ೯೨. ಅದನ್ನು ೧೯೮೫ರಲ್ಲಿ ಅಮೆರಿಕದ ಸೈನ್ಯವೇ ಆರಿಸಿಕೊಂಡು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಬಳಸಿತು. ಅದರ ಸ್ಲೈಡನ್ನು ನೋಡಿ: ೧೯೧೯ರಲ್ಲಿ ಬಯಲಾದ ಬೆನ್ನು ಹಾಗೆಯೇ ಬಯಲಾಗಿದೆ.

ಓದದೆ ಉಳಿದಿರುವ ಬರಹ ಒಂದೇ: ಕ್ರಮಸಂಖ್ಯೆ. ಮಾದರಿ, ಊರು, ವರ್ಷ ಲಕ್ಷಾಂತರ ಪಿಸ್ತೂಲುಗಳಿಗೆ ಸಮಾನ. ಸಂಖ್ಯೆ ಮಾತ್ರ ಪ್ರತಿಯೊಂದಕ್ಕೂ ಬೇರೆ.

ಇಟಲಿಯ ಸೈನ್ಯಕ್ಕೂ ಭಾರತದ ಸೈನಿಕರಿಗೂ ಎರಡನೆಯ ಮಹಾಯುದ್ಧದಲ್ಲಿ ಎದುರುಬದುರಾಗಿ ಕಾಳಗ ನಡೆದಿತ್ತು. ೧೯೪೦ರ ಡಿಸೆಂಬರಿನಲ್ಲಿ ಈಜಿಪ್ಟಿನ ಸಿದಿ ಬರಾನಿಯಲ್ಲಿ, ೧೯೪೧ರ ಮೊದಲ ತಿಂಗಳುಗಳಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಭಾರತೀಯ ದಳಗಳು ಇಟಲಿಯವರನ್ನು ಸೋಲಿಸಿದುವು. ಸಾವಿರಾರು ಇಟಲಿಯ ಸೆರೆಯಾಳುಗಳು ಭಾರತಕ್ಕೆ ಬಂದರು. ಬೆಂಗಳೂರಿನ ಜಾಲಹಳ್ಳಿಯ ಕಡೆಯೂ ಅವರ ಶಿಬಿರಗಳಿದ್ದುವು. ಸೋತವನ ಪಿಸ್ತೂಲು ಗೆದ್ದವನ ಪೆಟ್ಟಿಗೆಯಲ್ಲಿ ನೆನಪಿನ ಒಡವೆಯಾಗಿ ಊರಿಗೆ ಹೋಗುವುದು ಎಲ್ಲ ಯುದ್ಧಗಳಲ್ಲಿಯೂ ನಡೆದದ್ದೇ.

೧೯೪೮ರ ಜನವರಿ ೨೦ರಂದು ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯ ಪ್ರಾರ್ಥನಾಸಭೆಯ ಹತ್ತಿರ ಬಾಂಬು ಸಿಡಿಯಿತು. ಆ ಸಂಚು ವಿಫಲವಾಯಿತು. ಸಂಚುಗಾರರು ನಂಬಿಕೆಯ ಆಯುಧವನ್ನು ಹುಡುಕಿ ಗ್ವಾಲಿಯರಿಗೆ ಹೋದರು. ಜನವರಿ ೨೮ರಂದು ಅಲ್ಲಿ ನಾಥೂರಾಮ ಗೋಡ್ಸೆಯ ಕೈಗೆ ಬಂದದ್ದು ೧೯೩೪ರ ಮಾದರಿಯ ಬೆರೆಟ್ಟಾ, ಕ್ರಮಸಂಖ್ಯೆ ೬೦೬೮೨೪. ಎರಡು ದಿನದ ಬಳಿಕ, ಶುಕ್ರವಾರ ಸಂಜೆ ಐದು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ಪ್ರಾರ್ಥನೆಗೆ ತಡವಾಯಿತೆಂದು ಬಿರುಸಾಗಿ ನಡೆದು ಬರುತ್ತಿದ್ದ ಎಪ್ಪತ್ತೆಂಟು ವರ್ಷದ ಮುದುಕರ ಎದುರಿಗೆ ಅವನು ನಿಂತನು. ಮೈಗಳೆತದ ಸೈನಿಕರ ಕಾಳಗಕ್ಕೆ ಬಲ ಸಾಲದೆಂದು ಸೇನಾತಜ್ಞರು ದೂರುತ್ತಿದ್ದ ಗಿಡ್ಡ ತೋಟಾ ಅದು. ಎರಡು ಮೊಳ ದೂರದಿಂದ, ಬರಿಯ ಎದೆಗೆ, ಅದರ ಬಲ ಸಾಕಾಯಿತು. ಅಂದು ರಾತ್ರಿ ರೇಡಿಯೋದಲ್ಲಿ ನೆಹರೂ ಅವರೂ ಪಟೇಲರೂ ಮಾತನಾಡಿದರು. ರೇಡಿಯೋ ಇದ್ದ ಮನೆಗಳ ಮುಂದೆ ನೆರೆಯವರೆಲ್ಲ ಬಂದು ನಿಂತು ಕೇಳಿದ ಮಾತುಗಳು ಅವು.

ಮೊಕದ್ದಮೆ ಕೆಂಪುಕೋಟೆಯ ವಿಶೇಷ ನ್ಯಾಯಾಲಯದಲ್ಲಿ ನಡೆಯಿತು. ಇಟಲಿಯ ಕಣಿವೆಯಲ್ಲಿ ಯಾರೋ ಒಬ್ಬ ಕೆಲಸಗಾರ ಒಂದೊಂದಾಗಿ ಒತ್ತಿದ ಆ ಆರು ಅಂಕೆಗಳು ಆಯುಧದ ಗುರುತಾಗಿ ದಾಖಲೆಗೆ ಸೇರಿದುವು. ನ್ಯಾಯಾಧೀಶ ಆತ್ಮಚರಣರು ೧೯೪೯ರ ಫೆಬ್ರವರಿ ೧೦ರಂದು ತೀರ್ಪು ಕೊಟ್ಟರು. ಗಾರ್ದೋನೆಯಲ್ಲಿ ಆ ಮಾದರಿಯ ತಯಾರಿಕೆ ಆಗಲೂ ನಡೆದಿತ್ತು.